ಕಳೆದದ್ದು ವಿಧಿಯಲ್ಲ

ನಮಸ್ಕಾರ.

ಯೊರುಬಾ ಜನರ ಇತಿಹಾಸ ಬರೆದ ಸ್ಯಾಮ್ಯುಯೆಲ್ ಜಾನ್ಸನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಭಾಷೆ ಸಲೀಸಾಗಿದೆ, ಇಸವಿಗಳೂ ಸರಿ ಇವೆ. ಇನ್ನು ಮೂರನೇ ಪುಟ. ಅಲ್ಲಿ ನನಗೆ ಸಿಟ್ಟು ಬಂತು.

ನಿಮ್ಮ ಸಾಲು: 'ವಿಧಿಯ ಕ್ರೂರ ಆಟದಿಂದ ಆ ಮಹಾನ್ ಹಸ್ತಪ್ರತಿಯು ಕಾಲಗರ್ಭದಲ್ಲಿ ಲೀನವಾಯಿತು.'

ಯಾವ ವಿಧಿ ಸ್ವಾಮಿ? ಈಗಿನ ನೈಜೀರಿಯಾದ ಓಯೋದಲ್ಲಿ ಪಾದ್ರಿಯಾಗಿದ್ದ ಮನುಷ್ಯ ಅವರು. ರಾಜರ ಕಥೆಗಳನ್ನು ಬಾಯಲ್ಲೇ ಉಳಿಸಿಕೊಂಡು ಬಂದ ಅರಮನೆಯ ಆರೋಕಿನ್‌ಗಳನ್ನು ಕೇಳಿ ಕೇಳಿ ಬರೆದುಕೊಂಡವರು. ಇಪ್ಪತ್ತು ವರ್ಷಕ್ಕೂ ಜಾಸ್ತಿ ದುಡಿದು 1897ರಲ್ಲಿ ಪುಸ್ತಕ ಮುಗಿಸಿದರು. 1899ರಲ್ಲಿ ಒಂದು ಮಿಷನರಿ ಸಂಘದ ಮೂಲಕ ಅದನ್ನು ಇಂಗ್ಲೆಂಡಿನ ಪ್ರಕಾಶಕರಿಗೆ ಕಳಿಸಿದರು. ಆಮೇಲೆ ಸುದ್ದಿಯೇ ಇಲ್ಲ. ಮರುವರ್ಷ ತಮ್ಮ, ಡಾಕ್ಟರ್ ಒಬದಾಯ ಜಾನ್ಸನ್, ಅಲ್ಲಿಗೇ ಹೋಗಿ ಕೇಳಿದರು. ಎಲ್ಲೋ ಇಟ್ಟಿದ್ದೇವೆ, ಸಿಗುತ್ತಿಲ್ಲ, ಬೇಕಾದರೆ ದುಡ್ಡು ಕೊಡುತ್ತೇವೆ ಅಂದರಂತೆ! ಇದರ ಹಿಂದೆ ಬೇರೇನೋ ಇದೆ ಎಂದು ಅವರಿಗೆ ಅನುಮಾನ ಬಂತು. ಮುಂದೆ ಅದೇ ಪುಸ್ತಕದ ಮುನ್ನುಡಿಯಲ್ಲಿ ಬರೆದೂ ಬಿಟ್ಟರು. ಇಷ್ಟೆಲ್ಲ ಕಣ್ಣೆದುರಿಗೇ ಇದ್ದರೂ ನೀವು 'ಲೀನವಾಯಿತು' ಅಂತೀರಿ. ಅದು ತಾನಾಗಿ ಲೀನವಾಗಲಿಲ್ಲ. ಕಳೆದವರಿದ್ದಾರೆ.

ಇಷ್ಟು ಚುಚ್ಚಲು ಕಾರಣ ಉಂಟು. ನಾನೂ ಒಮ್ಮೆ ಕಳೆದವನು. ಕೆಲಸಕ್ಕೆ ಸೇರಿದ ಮೊದಲ ವರ್ಷ ಒಂದು ವಾರಪತ್ರಿಕೆಯಲ್ಲಿ ಟಪಾಲು ಒಡೆಯುವುದು ನನ್ನ ಪಾಲಿಗೆ ಬಂದಿತ್ತು. ಹಳ್ಳಿಯ ಮೇಷ್ಟ್ರೊಬ್ಬರು ರೂಲು ಹಾಳೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದ ನೀಳ್ಗತೆ ಬಂತು. ಎಲ್ಲಿಟ್ಟೆನೋ! ಮೂರು ತಿಂಗಳಾದ ಮೇಲೆ ಅವರು ಬಸ್ಸು ಹತ್ತಿ ಬಂದೇ ಬಿಟ್ಟರು. 'ಟಪಾಲಿನಲ್ಲೇ ತಪ್ಪಿಹೋಗಿರಬೇಕು ಸಾರ್' ಅಂದೆ. ಶುದ್ಧ ಸುಳ್ಳು. ಇನ್ನೊಂದು ಪ್ರತಿ ಇರಲಿಲ್ಲವಂತೆ. ಅರ್ಧ ಲೋಟ ಟೀ ಕುಡಿದು, ಛತ್ರಿ ಎತ್ತಿಕೊಂಡು ಹೊರಟರು. ನೀವು ವಿಧಿ ಅಂದಿರಿ, ನಾನು ಟಪಾಲು ಅಂದೆ. ಅಷ್ಟೇ ವ್ಯತ್ಯಾಸ.

ಮುಂದಿನ ಸಾಲು ಇನ್ನೂ ಅನ್ಯಾಯ: 'ನಂತರ ತಮ್ಮನ ನೆರವಿನಿಂದ ಕೃತಿ 1921ರಲ್ಲಿ ಬೆಳಕು ಕಂಡಿತು.' ನೆರವಾ? 1901ರಲ್ಲಿ ಅಣ್ಣ ತೀರಿಹೋದರು. ಅವರು ಬಿಟ್ಟುಹೋದ ಟಿಪ್ಪಣಿ, ಕರಡುಗಳನ್ನು ಹರಡಿಕೊಂಡು ಇಡೀ ಪುಸ್ತಕವನ್ನು ಮತ್ತೆ ಬರೆದವರು ಈ ತಮ್ಮ. ಅದನ್ನು 1916ರ ಜನವರಿಯಲ್ಲಿ ಲೇಗೋಸ್‌ನಿಂದ 'ಅಪ್ಪಾಮ್' ಹಡಗಿಗೆ ಹಾಕಿದರೆ, ಯುದ್ಧದ ಕಾಲ, ಜರ್ಮನ್ನರು ಹಡಗನ್ನೇ ಹಿಡಿದು ಅಮೆರಿಕಕ್ಕೆ ಒಯ್ದರು. ಸುಮಾರು ಎರಡು ವರ್ಷ ಕಟ್ಟಿನ ಸುಳಿವಿಲ್ಲ! ವಿಧಿ ಅನ್ನಲೇಬೇಕಿದ್ದರೆ ಇಲ್ಲಿ ಅನ್ನಿ, ನಾನು ಸುಮ್ನೆ ಇರುತ್ತೇನೆ. ಕೊನೆಗೆ ಪುಸ್ತಕ ಬರುವ ಹಿಂದಿನ ವರ್ಷ ಒಬದಾಯರೂ ಹೋದರು. ಅಚ್ಚಾದದ್ದನ್ನು ಅಣ್ಣನೂ ನೋಡಲಿಲ್ಲ, ತಮ್ಮನೂ ನೋಡಲಿಲ್ಲ. ಇದಕ್ಕೆಲ್ಲ ನೀವು ಕೊಟ್ಟದ್ದು ಒಂದೇ ಸಾಲು. ಓಯೋದ ಸೂರ್ಯಾಸ್ತಕ್ಕೆ ಮಾತ್ರ ಅರ್ಧ ಪುಟ!

ಸೂರ್ಯಾಸ್ತ ತೆಗೆಯಿರಿ, ಜಾಗ ಸಿಗುತ್ತದೆ. ಆ ಎರಡು ಸಾಲು ಬಿಡಿಸಿ ಬರೆದು ಕಳಿಸಿ, ಉಳಿದದ್ದು ಆಮೇಲೆ ನೋಡೋಣ. ಹದಿನೈದು ದಿನ ಸಾಕಾ? ನಿಮ್ಮ ಈ ಪ್ರತಿ ನನ್ನ ಮೇಜಿನ ಎಡಗಡೆ ಡ್ರಾಯರಿನಲ್ಲಿದೆ. ಬೀಗ ಹಾಕಿದ್ದೇನೆ.