ಸ್ಟ್ರಿಂಗ್ ಬದಲಾಗಲ್ಲ ಅಂತೀರಿ, ನನ್ನ ಕಣ್ಣೆದುರೇ ಬದಲಾಯ್ತಲ್ಲ!

ಪ್ರಶ್ನೆ: ಸರ್, ಹೊಸದಾಗಿ ಜಾವಾ ಕಲೀತಿದೀನಿ. ಸ್ಟ್ರಿಂಗ್ (ಅಂದ್ರೆ ಅಕ್ಷರಗಳ ಸಾಲು) ಇಮ್ಯೂಟಬಲ್, ಒಂದ್ಸಲ ಹುಟ್ಟಿದ್ಮೇಲೆ ಬದಲಾಗಲ್ಲ ಅಂತ ಎಲ್ಲಾ ಕಡೆ ಓದಿದೆ. ಆದ್ರೆ "ರವಿ" ಅಂತಿದ್ದ ವೇರಿಯಬಲ್‌ಗೆ "ಕುಮಾರ" ಕೂಡಿಸಿ ಪ್ರಿಂಟ್ ಮಾಡಿದ್ರೆ "ರವಿಕುಮಾರ" ಅಂತಾನೇ ಬರತ್ತೆ! ಇನ್ನೊಂದ್ ಕಡೆ ಎರಡೂ ತುದಿಯ ಖಾಲಿ ಜಾಗ ತೆಗೀಬೇಕಾದ ಟ್ರಿಮ್ ಕರೆದ್ರೆ ಅದು ಹೋಗ್ತಾನೇ ಇಲ್ಲ, ಎರರ್ ಕೂಡ ಬರ್ತಿಲ್ಲ. ಯಾವುದನ್ನ ನಂಬ್ಲಿ?

ಉತ್ತರ: ಎರಡನ್ನೂ ನಂಬಿ, ಕಾರಣ ಒಂದೇ. ವೇರಿಯಬಲ್ ಅಂದ್ರೇನೇ ಸ್ಟ್ರಿಂಗ್ ಅಂದ್ಕೊಂಡಿದೀರಿ, ಎಡವಟ್ಟಾಗಿರೋದು ಅಲ್ಲೇ. ಸ್ಟ್ರಿಂಗ್ ಮೆಮೊರೀಲಿ ಎಲ್ಲೋ ಕೂತಿರತ್ತೆ, ವೇರಿಯಬಲ್ ಬರೀ ಅದರ ವಿಳಾಸ ಬರ್ಕೊಂಡ ಚೀಟಿ. ನೀವು ಕೂಡಿಸಿದಾಗ "ರವಿ"ಗೆ ಏನೂ ಆಗ್ಲಿಲ್ಲ, "ರವಿಕುಮಾರ" ಅನ್ನೋ ಬೇರೇನೇ ಆಬ್ಜೆಕ್ಟ್ ಹುಟ್ಕೊಳ್ತು, ಚೀಟೀಲಿ ಅದರ ವಿಳಾಸ ಬಂತು, ಅಷ್ಟೇ. ನಂಬಿಕೆ ಇಲ್ದಿದ್ರೆ ಕೂಡಿಸೋಕ್ ಮುಂಚೆ ಒಂದ್ ಸಾಲು ಹಾಕಿ ನೋಡಿ:

String ಹಳೇದು = ಹೆಸರು;

ಆಮೇಲೆ ಎರಡನ್ನೂ ಪ್ರಿಂಟ್ ಮಾಡಿ. ಹೆಸರು "ರವಿಕುಮಾರ" ಅನ್ನತ್ತೆ, ಹಳೇದು ಇನ್ನೂ "ರವಿ" ಅಂತಾನೇ ಅನ್ನತ್ತೆ. (ಅಂದಹಾಗೆ ಜಾವಾದಲ್ಲಿ ವೇರಿಯಬಲ್ ಹೆಸರನ್ನ ಹೀಗೆ ಕನ್ನಡದಲ್ಲೇ ಇಡಬಹುದು, ಕಂಪೈಲರ್ ತಕರಾರು ಮಾಡಲ್ಲ.)

ಟ್ರಿಮ್ ಕಥೇನೂ ಇದೇ. ಅದು ಇರೋ ಸ್ಟ್ರಿಂಗನ್ನ ಮುಟ್ಟಲ್ಲ, ಖಾಲಿ ಜಾಗ ತೆಗೆದ ಹೊಸದೊಂದನ್ನ ನಿಮ್ ಕೈಗೆ ಕೊಡತ್ತೆ, ನೀವು ಅದನ್ನ ಯಾವುದಕ್ಕೂ ಹಾಕ್ಕೊಳ್ದೆ ಹಾಗೇ ಬಿಟ್ರಿ, ಹೋಯ್ತು. "ಹೆಸರು = ಹೆಸರು.trim();" ಅಂತ ಬರೀರಿ, ಸರಿಹೋಗತ್ತೆ. ರಿಪ್ಲೇಸ್, ಟುಅಪ್ಪರ್‌ಕೇಸ್ ಎಲ್ಲಾ ಹೀಗೇನೇ. ನಾನೂ ಒಂದ್ಸಲ ರಿಪ್ಲೇಸ್ ನಂಬ್ಕೊಂಡು ಅರ್ಧ ದಿನ ಬೇರೆಲ್ಲೋ ಬಗ್ ಹುಡುಕಿದೀನಿ, ನಾಚಿಕೆ ಏನಿಲ್ಲ.

ಫೈನಲ್ (final) ಅನ್ನೋ ಪದದ ಜೊತೆ ಮಾತ್ರ ಇದನ್ನ ಕಲಸ್ಬೇಡಿ. ವೇರಿಯಬಲ್‌ಗೆ ಫೈನಲ್ ಹಾಕಿದ್ರೆ ಚೀಟೀಲಿರೋ ವಿಳಾಸ ಬದಲಾಗಲ್ಲ, ಆ ವಿಳಾಸದಲ್ಲಿರೋ ಆಬ್ಜೆಕ್ಟ್ ಬದಲಾಗತ್ತೋ ಇಲ್ವೋ ಅನ್ನೋದು ಬೇರೆ ವಿಷ್ಯ.

ಯಾಕಪ್ಪಾ ಹೀಗೆ ಮಾಡಿದ್ರು ಅಂದ್ರೆ, ಹಂಚ್ಕೊಳ್ಳೋಕೆ. ಕೋಡಲ್ಲಿ ಹತ್ತು ಕಡೆ "ರವಿ" ಅಂತ ಬರೆದಿದ್ರೂ ಸ್ಟ್ರಿಂಗ್ ಪೂಲಲ್ಲಿ (ಅಂಥ ಸ್ಟ್ರಿಂಗ್ ಒಂದೊಂದೇ ಪ್ರತಿ ಇಡೋ ಜಾಗ) ಇರೋದು ಒಂದೇ, ಹತ್ತೂ ಚೀಟಿ ಅದನ್ನೇ ತೋರಿಸ್ತವೆ, ಒಬ್ರು ಅದನ್ನ ತಿದ್ದೋ ಹಾಗಿದ್ರೆ ಮಿಕ್ಕ ಒಂಬತ್ತರ ಗತಿ ಏನು? ಹ್ಯಾಶ್‌ಮ್ಯಾಪ್ (ಕೀ ಅನ್ನೋ ಗುರುತು ಕೊಟ್ರೆ ಅದರ ಜೊತೆ ಇಟ್ಟಿದ್ದನ್ನ ಹುಡುಕಿಕೊಡೋ ಪಟ್ಟಿ) ಕೀ ಆಗಿ ಇಟ್ಟಮೇಲೆ ಅಕ್ಷರ ಬದಲಾದ್ರೆ, ಅಕ್ಷರಗಳಿಂದ ಲೆಕ್ಕ ಹಾಕಿ ಹುಡುಕೋಕೆ ಬಳಸೋ ಸಂಖ್ಯೆ, ಅಂದ್ರೆ ಹ್ಯಾಶ್‌ಕೋಡೂ ಬದಲಾಗಿ, ಒಳಗಿಟ್ಟಿದ್ದು ಮತ್ತೆ ಸಿಗೋದೇ ಇಲ್ಲ. ಈಗ ಆ ಭಯ ಇಲ್ದಿರೋದ್ರಿಂದ ಹ್ಯಾಶ್‌ಕೋಡನ್ನ ಒಂದ್ಸಲ ಲೆಕ್ಕ ಹಾಕಿ ಸ್ಟ್ರಿಂಗ್ ತನ್ನೊಳಗೇ ಇಟ್ಕೊಳತ್ತೆ. ಥ್ರೆಡ್‌ಗಳ (ಒಂದೇ ಪ್ರೋಗ್ರಾಂನಲ್ಲಿ ಜೊತೆಜೊತೆಗೆ ಓಡೋ ಕೆಲಸಗಳ) ಮಧ್ಯೆ ಓಡಾಡಿಸೋಕೂ ಲಾಕ್ ಬೇಕಿಲ್ಲ.

ಪ್ರಶ್ನೆ: ಎರಡು ಸಮ ಚಿಹ್ನೆ (==) ಹಾಕಿ ಹೋಲಿಸಿದ್ರೆ ಒಮ್ಮೆ ಟ್ರೂ, ಒಮ್ಮೆ ಫಾಲ್ಸ್. ಅಕ್ಷರ ಮಾತ್ರ ಅವೇ!

ಉತ್ತರ: ಅದು ಅಕ್ಷರ ನೋಡಲ್ಲ, ಎರಡೂ ಚೀಟೀಲಿ ವಿಳಾಸ ಒಂದೇನಾ ಅಂತ ನೋಡತ್ತೆ. "ರವಿ" + "ಕುಮಾರ" ಅಂತ ನೇರವಾಗಿ ಬರೆದ್ರೆ ಕಂಪೈಲರೇ ಕೂಡಿಸಿ ಪೂಲಿಗೆ ಹಾಕತ್ತೆ, ಅದನ್ನ "ರವಿಕುಮಾರ" ಜೊತೆ ಹೋಲಿಸಿದ್ರೆ ಟ್ರೂ. ಮಾಮೂಲಿ ವೇರಿಯಬಲ್‌ಗೆ "ಕುಮಾರ" ಕೂಡಿಸಿದ್ರೆ ಪ್ರೋಗ್ರಾಂ ಓಡೋವಾಗ ಹೊಸದು ಹುಟ್ಟತ್ತೆ, ಫಾಲ್ಸ್. ಅಕ್ಷರ ಹೋಲಿಸೋಕೆ ಈಕ್ವಲ್ಸ್ (equals) ಬಳಸಿ, ಕಣ್ಮುಚ್ಕೊಂಡು.

ಪ್ರಶ್ನೆ: ಲೂಪಲ್ಲಿ ಸ್ಟ್ರಿಂಗ್ ಕೂಡಿಸ್ತಾ ಹೋದ್ರೆ ನಿಧಾನ ಆಗತ್ತೆ, ಯಾಕೆ?

ಉತ್ತರ: ಪ್ರತಿ ಸುತ್ತಲ್ಲೂ ಹಳೇದನ್ನೆಲ್ಲಾ ಹೊಸದಕ್ಕೆ ಕಾಪಿ ಮಾಡ್ಬೇಕಲ್ಲ! ಒಂದೊಂದೇ ಅಕ್ಷರದಂತೆ 10,000 ಸಲ ಕೂಡಿಸಿದ್ರೆ ಒಟ್ಟು ಸುಮಾರು 5 ಕೋಟಿ ಅಕ್ಷರ ಕಾಪಿ ಆಗತ್ತೆ, ಕೊನೆಗೆ ನಿಮಗೆ ಸಿಗೋದು ಬರೀ 10,000. ಇಂಥ ಕಡೆ ಸ್ಟ್ರಿಂಗ್‌ಬಿಲ್ಡರ್ ತಗೊಳ್ಳಿ, ಜಾವಾ 5ರಿಂದ ಇದೆ. ಅದು ಮೊದಲು 16 ಅಕ್ಷರಕ್ಕೆ ಜಾಗ ಇಟ್ಕೊಂಡು, ಸಾಲದೇ ಹೋದಾಗ ಹೆಚ್ಚುಕಮ್ಮಿ ಎರಡರಷ್ಟು ಮಾಡ್ಕೊಳ್ತಾ ಹೋಗತ್ತೆ, ಹಾಗಾಗಿ ಕಾಪಿ ಕೆಲಸ ಅಪರೂಪ. ಹಾಗಂತ ಒಂದೇ ಸಾಲಲ್ಲಿ ಮೂರ್ನಾಲ್ಕು ಪದ ಕೂಡಿಸೋಕೆಲ್ಲಾ ಬಿಲ್ಡರ್ ಹಾಕ್ಬೇಡಿ, ಅದನ್ನ ಜಾವಾನೇ ನೋಡ್ಕೊಳತ್ತೆ, ನಿಮ್ ಕೋಡ್ ಓದೋರಿಗೆ ಸುಮ್ನೆ ಹಿಂಸೆ.