ಹುದ್ದೆ ಇಲ್ಲದವರ ವಿದ್ವತ್ತು

"ಕಳೆದ ಸಂಚಿಕೆಯಲ್ಲಿ ಹೋಪ್ ಎಮಿಲಿ ಆಲನ್ ಅವರನ್ನು ಮಧ್ಯಯುಗದ ಇಂಗ್ಲಿಷ್ ಸಾಹಿತ್ಯದ ದೊಡ್ಡ ವಿದ್ವಾಂಸೆ ಎಂದು ಬರೆದಿದ್ದೀರಿ. ಆಕೆಗೆ ಪಿಎಚ್‌ಡಿ ಇರಲಿಲ್ಲ, ಪ್ರೊಫೆಸರ್ ಹುದ್ದೆಯೂ ಇರಲಿಲ್ಲ ಅಂತ ನೀವೇ ಹೇಳಿದ್ದೀರಿ. ಇಂಗ್ಲಿಷ್ ಎಂ.ಎ. ಓದುತ್ತಿರುವ ನನ್ನ ಮಗಳು ಅದನ್ನು ಓದಿ, ತಾನೂ ಹಳೆಯ ಹಸ್ತಪ್ರತಿಗಳ ಹಿಂದೆಯೇ ಹೋಗುತ್ತೇನೆ ಅಂತ ಹಟ ಹಿಡಿದು ಕೂತಿದ್ದಾಳೆ. ಸಂಬಳವೇ ಇಲ್ಲದ್ದನ್ನು ವೃತ್ತಿ ಅಂತ ಹೇಗೆ ಕರೆಯುತ್ತೀರಿ?"
– ಒಬ್ಬ ತಾಯಿ, ಶಿವಮೊಗ್ಗ

ನಮಸ್ಕಾರ. ನಿಮ್ಮ ಆತಂಕ ಸುಮ್ನೆ ಹುಟ್ಟಿದ್ದಲ್ಲ. ನಮ್ಮದೂ ಒಂದು ತಪ್ಪಿದೆ. ಆಲನ್‌ಗೆ ಹುದ್ದೆ ಇರಲಿಲ್ಲ ಅಂತ ಬರೆದೆವು, ಮನೆ ಹೇಗೆ ನಡೆಯುತ್ತಿತ್ತು ಅಂತ ಬರೆಯಲಿಲ್ಲ. ಅವರು ಹುಟ್ಟಿದ್ದು 1883ರಲ್ಲಿ, ನ್ಯೂಯಾರ್ಕ್ ರಾಜ್ಯದ ಒನೈಡಾದಲ್ಲಿ. ಎಲ್ಲ ಆಸ್ತಿಯೂ ಎಲ್ಲರದು ಅಂತ ಒಟ್ಟಿಗೆ ಬಾಳುತ್ತಿದ್ದ ಒಂದು ಧಾರ್ಮಿಕ ಸಮುದಾಯ ಅಲ್ಲಿತ್ತು. ಅವರ ತಂದೆ ತಾಯಿ ಅದರಲ್ಲಿದ್ದವರು. ಸಮುದಾಯ ಒಡೆದ ಮೇಲೆ ಅದೇ ಚಮಚ, ಫೋರ್ಕ್ ಮಾಡುವ ದೊಡ್ಡ ಕಂಪನಿಯಾಯಿತು. ಮನೆಯ ಕಡೆಯಿಂದ ಒಂದಿಷ್ಟು ಆಸರೆ ಇತ್ತು. ಎಲ್ಲರಿಗೂ ಅದು ಇರುವುದಿಲ್ಲ. ಈ ಮಾತು ಲೇಖನದಲ್ಲೇ ಇರಬೇಕಿತ್ತು.

ಆದರೆ ಅದು ವೃತ್ತಿಯೇ ಅಲ್ಲ ಅನ್ನುವುದನ್ನು ನಾನು ಒಪ್ಪಲಾರೆ. ಕೆಲಸ ನೋಡಿ. ಅಮೆರಿಕದ ಬ್ರಿನ್ ಮಾರ್ ಕಾಲೇಜಿನಲ್ಲಿ ಬಿ.ಎ., ಎಂ.ಎ. ಮುಗಿಸಿದರು. 1910ರಲ್ಲಿ, ಇನ್ನೂ ಇಪ್ಪತ್ತೇಳರ ಹುಡುಗಿ, ಒಂದು ಹಳೆಯ ನಂಬಿಕೆಗೇ ಕೈ ಹಾಕಿದರು. 'ದಿ ಪ್ರಿಕ್ ಆಫ್ ಕಾನ್‌ಷನ್ಸ್' ಅಂತ ಮಧ್ಯಯುಗದ ಒಂದು ಉದ್ದನೆಯ ಕಾವ್ಯವಿದೆ. ಆ ಕಾಲದಲ್ಲಿ ಜನ ಅದನ್ನು ಎಷ್ಟು ಓದಿದ್ದರೆಂದರೆ, ಅದರ ನೂರಕ್ಕೂ ಜಾಸ್ತಿ ಹಸ್ತಪ್ರತಿಗಳು ಇವತ್ತಿಗೂ ಉಳಿದಿವೆ. ಅದನ್ನು ಬರೆದವನು ಯಾರ್ಕ್‌ಷೈರಿನ ಸಂತ ರಿಚರ್ಡ್ ರೋಲ್ ಅಂತ ನಂಬಿಕೊಂಡು ಬಂದಿದ್ದರು. ಅವನಲ್ಲ ಅಂತ ಆಲನ್ ತೋರಿಸಿಕೊಟ್ಟರು. ಆಮೇಲೆ ಹದಿನೇಳು ವರ್ಷ ರೋಲ್‌ನ ಬೆನ್ನು ಬಿಡಲಿಲ್ಲ. ಅವನ ಹೆಸರಲ್ಲಿ ಓಡಾಡುತ್ತಿದ್ದ ಬರಹಗಳಲ್ಲಿ ಯಾವುದು ಅವನದು, ಯಾವುದು ಅಲ್ಲ ಅಂತ ಒಂದೊಂದೇ ಹಸ್ತಪ್ರತಿ ಹಿಡಿದು ಜರಡಿ ಹಿಡಿದರು. 1927ರಲ್ಲಿ ಬಂದ ಆ ದಪ್ಪ ಪುಸ್ತಕಕ್ಕೆ 1929ರಲ್ಲಿ ಬ್ರಿಟಿಷ್ ಅಕಾಡೆಮಿಯ ಬಹುಮಾನ ಸಿಕ್ಕಿತು. ರೋಲ್ ಬಗ್ಗೆ ಕೆಲಸ ಮಾಡುವವರು ಇವತ್ತಿಗೂ ಅದನ್ನು ತೆರೆದಿಟ್ಟುಕೊಂಡೇ ಕೂರುತ್ತಾರೆ.

ಈಗ 1934ಕ್ಕೆ ಬರೋಣ. ಇಂಗ್ಲೆಂಡಿನ ಡಾರ್ಬಿಷೈರಿನಲ್ಲಿ ಬಟ್ಲರ್-ಬೌಡನ್ ಅನ್ನುವ ಹಳೆಯ ಮನೆತನ. ಆ ಮನೆಗೆ ಹೋಗಿದ್ದವರ ನೆನಪಿನಿಂದ ಬಂದ ಕತೆ ಇದು. ಪಿಂಗ್‌ಪಾಂಗ್ ಆಡುವಾಗ ಚೆಂಡು ಕಾಲಿಗೆ ಸಿಕ್ಕಿ ಒಡೆಯಿತಂತೆ. ಇನ್ನೊಂದು ತೆಗೆಯೋಣ ಅಂತ ಕಪಾಟು ತೆರೆದರೆ, ಒಳಗಿಂದ ಹಳೆಯ ತೊಗಲು ಹೊದಿಕೆಯ ಪುಸ್ತಕಗಳೆಲ್ಲ ದಬದಬ ಕೆಳಗೆ ಬಿದ್ದವು. ಮನೆಯ ಯಜಮಾನರಿಗೆ ಸಿಟ್ಟು ಬಂತು. ನಾಳೆ ಇದನ್ನೆಲ್ಲ ಬೆಂಕಿಗೆ ಹಾಕುತ್ತೇನೆ, ಆಗಲಾದರೂ ಚೆಂಡು ಬೇಕೆಂದಾಗ ಕೈಗೆ ಸಿಗುತ್ತದೆ ಅಂದರು. ಬೇಡ, ತಿಳಿದವರಿಗೆ ಒಮ್ಮೆ ತೋರಿಸಿ ಅಂತ ಜೊತೆಗಿದ್ದವರು ತಡೆದರು. ಹಾಗೆ ಒಂದು ಹಸ್ತಪ್ರತಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಬಂತು. ಇದೇನು ಅಂತ ಹೇಳಬಲ್ಲವರು ಯಾರು? ಆಲನ್‌ಗೆ ಕರೆ ಹೋಯಿತು.

ಅದು ಮಧ್ಯಯುಗದ ಇಂಗ್ಲಿಷ್ ಭಕ್ತೆ ಮಾರ್ಜರಿ ಕೆಂಪ್‌ಳ ಪುಸ್ತಕ. ಅಲ್ಲಿಯವರೆಗೆ ಅವಳ ಹೆಸರಿನಲ್ಲಿ ಇದ್ದದ್ದು 1501ರ ಸುಮಾರಿಗೆ ಅಚ್ಚಾದ, ಎಂಟು ಪುಟವೂ ದಾಟದ ಆಯ್ದ ಭಾಗ ಅಷ್ಟೇ. 1521ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿದವನು ಅವಳನ್ನು ಕೋಣೆಯೊಳಗೆ ಬಾಗಿಲು ಮುಚ್ಚಿಕೊಂಡ ತಪಸ್ವಿನಿ ಅಂದುಬಿಟ್ಟಿದ್ದ. ಇಡೀ ಪುಸ್ತಕ ಸಿಕ್ಕಾಗ ಎದ್ದು ಬಂದವಳೇ ಬೇರೆ. ಲಿನ್ ಪಟ್ಟಣದ ಮೇಯರ್ ಮಗಳು, ಹದಿನಾಲ್ಕು ಮಕ್ಕಳ ತಾಯಿ. ಬಿಯರ್ ಮಾಡಿ ಮಾರಲು ಹೋಗಿ ಕೈ ಸುಟ್ಟುಕೊಂಡಳು. ಕುದುರೆ ಗಿರಣಿ ಹಾಕಿದಳು, ಅದೂ ನಿಂತುಹೋಯಿತು. ಜೆರುಸಲೇಮಿಗೆ ಹೋಗಿ ಬಂದಳು. ಚರ್ಚಿನಲ್ಲಿ ಗಟ್ಟಿಯಾಗಿ ಅತ್ತು ಊರವರ ಬಾಯಿಗೆ ಬಿದ್ದಳು. ಓದು ಬರಹ ಬಾರದವಳು, ಹೇಳಿ ಬರೆಸಿದಳು. ಇಂಗ್ಲಿಷಿನ ಮೊದಲ ಆತ್ಮಕಥೆ ಅಂತ ತುಂಬಾ ಜನ ಕರೆಯುವುದು ಇದನ್ನೇ.

ಅಷ್ಟು ಹೊತ್ತಿಗೆ ಆಲನ್ ಇಂಥ ಬರಹಗಳ ನಡುವೆ ಕಾಲು ಶತಮಾನ ಕಳೆದಿದ್ದರು. ಆ ಪುಟಗಳ ನೆನಪು ತಲೆಯಲ್ಲಿ ಇಲ್ಲದಿದ್ದರೆ, ಮುಂದಿಟ್ಟ ಹಸ್ತಪ್ರತಿ ಯಾರದೆಂದು ಹೇಳಲು ಆಗುತ್ತಿತ್ತೇ? ಇದನ್ನು ವೃತ್ತಿ ಅನ್ನದೆ ಇನ್ನೇನು ಅನ್ನಲಿ, ನೀವೇ ಹೇಳಿ.

ಹುದ್ದೆ ಇದ್ದಿದ್ದರೆ ಚೆನ್ನಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. 1940ರಲ್ಲಿ ಪುಸ್ತಕ ಅಚ್ಚಾದಾಗ ಪಠ್ಯದ ಸಂಪಾದನೆ ಸ್ಯಾನ್‌ಫರ್ಡ್ ಬ್ರೌನ್ ಮೀಚ್ ಎಂಬ ಕಿರಿಯ ವಿದ್ವಾಂಸರ ಪಾಲಿಗೆ ಹೋಯಿತು. ಆಲನ್ ಬರೆದದ್ದು ಮುನ್ನುಡಿಯ ಟಿಪ್ಪಣಿ, ಜೊತೆಗೆ ವಿವರಣೆಗಳು. ಮಾರ್ಜರಿಯನ್ನು ಯುರೋಪಿನ ಇತರ ಸಂತ ಹೆಂಗಸರ ಜೊತೆಗಿಟ್ಟು ನೋಡುವ ಎರಡನೆಯ ಸಂಪುಟ ಬರೆಯುತ್ತೇನೆ ಅಂತ ಮಾತು ಕೊಟ್ಟಿದ್ದರು. ಇಪ್ಪತ್ತು ವರ್ಷ ಟಿಪ್ಪಣಿ ಮೇಲೆ ಟಿಪ್ಪಣಿ ಸೇರಿತು, ಪುಸ್ತಕ ಆಗಲಿಲ್ಲ. 1960ರಲ್ಲಿ ತೀರಿಕೊಂಡರು. ಅದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಹಾಗಾಗಿ ಮಗಳಿಗೆ ಬೇಡ ಅನ್ನಬೇಡಿ, ಕಾಲೇಜು ಅಧ್ಯಾಪಕರ ಅರ್ಹತೆಯ ನೆಟ್ ಪರೀಕ್ಷೆಗೂ ಕಟ್ಟು ಅನ್ನಿ. ಲ್ಯಾಟಿನ್ ಕಲಿಯಲು ಈಗಲೇ ಶುರು ಮಾಡಲಿ, ಅದಿಲ್ಲದೆ ಈ ದಾರಿಯಲ್ಲಿ ಜಾಸ್ತಿ ದೂರ ಹೋಗಲಾಗದು. ಮಾರ್ಜರಿಯ ಪುಸ್ತಕದ ಎರಡನೆಯ ಅಧ್ಯಾಯ ಚಿಕ್ಕದು. ಬಿಯರಿನ ನೊರೆ ಕುಸಿಯುವುದು, ಗಿರಣಿಯ ಕುದುರೆ ಮುಂದೆ ಹೆಜ್ಜೆ ಇಡದೆ ಹಿಂದೆ ಹಿಂದೆ ಸರಿಯುವುದು ಎಲ್ಲ ಅಲ್ಲೇ ಇದೆ. ಒಂದು ಭಾನುವಾರ ಮಗಳು ಅದನ್ನು ಮಾರ್ಜರಿಯ ಕಾಲದ ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಿ, ನಿಮಗೆ ಕನ್ನಡದಲ್ಲಿ ಹೇಳಲಿ. ನಿಮಗೆ ಏನನ್ನಿಸಿತು ಅಂತ ನನಗೆ ಖಂಡಿತ ಬರೆಯಿರಿ.

– ಸಂಪಾದಕ