ಮೊದಲ ಸೀಸನ್ ತಪ್ಪಿಸಬೇಡಿ

ವಿದೇಶದಲ್ಲಿ ಸರ್ಕಾರಿ ನೀತಿ ವಿಭಾಗದಲ್ಲಿ ಡೇಟಾ ಕೆಲಸ ಸಿಕ್ಕಿದೆ, "ಒಂದು ವರ್ಷ ಕೆಲಸದಲ್ಲಿ ನೆಲೆಯೂರಿ ಆಮೇಲೆ ಕ್ರಿಕೆಟ್ ಶುರು ಮಾಡಲೇ?" ಎಂದು ಕೇಳಿದ್ದೀರಿ. ನಾನು ಬಂದಿಳಿದಾಗಲೂ ತಲೆಯಲ್ಲಿ ಇದೇ ಪ್ರಶ್ನೆ ಇತ್ತು. ಕಾಯಬೇಡಿ, ಬಂದ ವಾರವೇ ಕ್ಲಬ್ ಹುಡುಕಿ.

ಊರಲ್ಲಾದರೆ ಸಂಜೆ ಮೈದಾನದ ಅಂಚಿಗೆ ಹೋಗಿ ನಿಂತರೆ ಸಾಕು, ಯಾವುದೋ ತಂಡಕ್ಕೆ ಒಬ್ಬರು ಕಡಿಮೆ ಇದ್ದೇ ಇರುತ್ತಾರೆ. ಲೀಗ್ ಆಟ ಹಾಗಲ್ಲ. ಸೀಸನ್‌ಗೆ ಮುಂಚೆಯೇ ನೆಟ್ಸ್, ನೋಂದಣಿಗೆ ಕೊನೆಯ ದಿನ, ವಾರದ ನಡುವೆ ತಂಡದ ಆಯ್ಕೆ. ಒಂದು ಸೀಸನ್ ತಪ್ಪಿದರೆ ಆ ಶನಿವಾರಗಳನ್ನು ಬೇರೇನೋ ತುಂಬಿಕೊಳ್ಳುತ್ತದೆ. ಆಮೇಲೆ ಉಳಿಯುವುದು ಅಪರಾತ್ರಿಯಲ್ಲಿ ಎದ್ದು ಕೂತು ನಮ್ಮವರ ಮ್ಯಾಚ್ ನೋಡುವುದೊಂದೇ. ಆಟದ ಜತೆಗೇ ಇದ್ದೇವೆ ಅನ್ನಿಸುತ್ತದೆ, ಆದರೆ ನಿದ್ದೆ ಕೆಟ್ಟಿರುತ್ತದೆ. ಬೆಳಿಗ್ಗೆ ಎರಡು ಡೇಟಾ ಟೇಬಲ್‌ಗಳನ್ನು ಜೋಡಿಸುವಾಗ ಸಾಲುಗಳು ಎರಡೆರಡು ಸಲ ಬಂದದ್ದು ಕಣ್ಣಿಗೇ ಬೀಳುವುದಿಲ್ಲ. ಒಳ್ಳೊಳ್ಳೆ ಆಟಗಾರರು ಹೀಗೆ ಬರೀ ಪ್ರೇಕ್ಷಕರಾಗಿ ಉಳಿದುಬಿಟ್ಟರು. ಅದು ನನಗೆ ಇವತ್ತಿಗೂ ನೋವು.

ಕೆಲಸದ ಒತ್ತಡ ಬಹುಪಾಲು ಮೊದಲೇ ಗೊತ್ತಿರುವಂಥದ್ದು: ಬಜೆಟ್, ಅಧಿವೇಶನ, ಅಂಕಿಅಂಶ ಪ್ರಕಟಣೆಯ ದಿನಗಳು. ಅವುಗಳ ಪಕ್ಕದಲ್ಲೇ ಪಂದ್ಯಗಳ ಪಟ್ಟಿ ಇಡಿ. ಎರಡೂ ಡಿಕ್ಕಿ ಹೊಡೆಯುವ ವಾರಗಳನ್ನು ಕ್ಯಾಪ್ಟನ್‌ಗೆ ಸೀಸನ್ ಆರಂಭದಲ್ಲೇ ಹೇಳಿಬಿಡಿ. ಕೋಡ್ ಪರಿಶೀಲನೆಯನ್ನು ಗುರುವಾರವೇ ಬೇರೊಬ್ಬರಿಂದ ಮಾಡಿಸಿ. ಕೊನೆ ಗಳಿಗೆಯಲ್ಲಿ ಮೇಲಿನಿಂದ ಬರುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಈ ಸಂಖ್ಯೆ ಎಲ್ಲಿಂದ ಬಂತು?" ಪ್ರತಿ ಸಂಖ್ಯೆಯ ಪಕ್ಕ ಮೂಲ ಫೈಲ್, ಅದನ್ನು ತೆಗೆದ ದಿನಾಂಕ, ಹಾಕಿದ ಫಿಲ್ಟರ್ ಬರೆದಿಟ್ಟಿದ್ದರೆ ಸಹೋದ್ಯೋಗಿಯೇ ಉತ್ತರ ಕೊಡುತ್ತಾರೆ, ನೀವು ನೆಮ್ಮದಿಯಾಗಿ ಸ್ಲಿಪ್‌ನಲ್ಲಿ ನಿಂತಿರಬಹುದು.

ಐದು ದಿನ ಕುರ್ಚಿಯಲ್ಲಿ ಕೂತು ಆರನೇ ದಿನ ಪೂರ್ತಿ ರನ್‌ಅಪ್‌ನಲ್ಲಿ ಬೌಲಿಂಗ್ ಮಾಡಿದರೆ ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ಹಿಡಿದುಕೊಳ್ಳುತ್ತದೆ. ನೆಟ್ಸ್‌ನಲ್ಲಿ ಮೂರು-ನಾಲ್ಕು ಓವರ್‌ಗಳಿಂದ ಶುರು ಮಾಡಿ, ವಾರವಾರ ಸ್ವಲ್ಪಸ್ವಲ್ಪ ಏರಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವ್ಯಾಯಾಮದ ಜತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತನ್ನೂ ಹೇಳುತ್ತದೆ. ನಾವು ಮರೆಯುವುದು ಈ ಎರಡನೆಯದನ್ನೇ.

ಕ್ರೀಡಾ ಡೇಟಾ ಪ್ರಾಜೆಕ್ಟ್ ಕೆಲಸಕ್ಕೆ ಬರುತ್ತದೆಯೇ ಎಂದಿರಿ. ಖಂಡಿತ. ಕ್ರಿಕ್‌ಶೀಟ್ ಎಂಬ ಜಾಲತಾಣದಲ್ಲಿ ಎಸೆತ-ಎಸೆತದ ಡೇಟಾ ಉಚಿತವಾಗಿ ಸಿಗುತ್ತದೆ. ಆದರೆ ಐದು ಇನಿಂಗ್ಸ್‌ನ ಸರಾಸರಿ ಹಿಡಿದು ತೀರ್ಪು ಕೊಡಬೇಡಿ. 1977ರಲ್ಲಿ ಸಂಖ್ಯಾಶಾಸ್ತ್ರಜ್ಞರಾದ ಎಫ್ರಾನ್ ಮತ್ತು ಮಾರಿಸ್ 18 ಬೇಸ್‌ಬಾಲ್ ಆಟಗಾರರ 1970ರ ಸೀಸನ್ನಿನ ಮೊದಲ 45 ಬ್ಯಾಟಿಂಗ್ ಅವಕಾಶಗಳನ್ನು ತೆಗೆದುಕೊಂಡು, ಪ್ರತಿಯೊಬ್ಬರ ಸರಾಸರಿಯನ್ನು ಗುಂಪಿನ ಸರಾಸರಿಯತ್ತ ಎಳೆದರೆ ಉಳಿದ ಸೀಸನ್ನಿನ ಅಂದಾಜಿನಲ್ಲಿ ಒಟ್ಟು ತಪ್ಪು ಬಹಳ ಕಡಿಮೆಯಾಗುತ್ತದೆ ಎಂದು ತೋರಿಸಿದರು. 1979ರಲ್ಲಿ ಫೇ ಮತ್ತು ಹೆರಿಯಟ್ ಎಂಬ ಇನ್ನಿಬ್ಬರು ಸಂಖ್ಯಾಶಾಸ್ತ್ರಜ್ಞರು ಇದೇ ಬಗೆಯ ವಿಧಾನದಿಂದ ಅಮೆರಿಕದ ಸಣ್ಣ ಊರುಗಳ ಆದಾಯ ಅಂದಾಜು ಮಾಡಿದರು. ಸಣ್ಣ ಪ್ರದೇಶಗಳ ಬಡತನದ ಅಂದಾಜಿಗೆ ನೀವು ಬಳಸಲಿರುವುದೂ ಬಹುಶಃ ಇದನ್ನೇ. ಕೆಲಸದಲ್ಲಿ ಯಾರಾದರೂ ಕೇಳಿದರೆ ಇದನ್ನು ನಿಮ್ಮ ಬ್ಯಾಟರ್‌ಗಳ ಉದಾಹರಣೆಯಿಂದಲೇ ವಿವರಿಸಿ.

ಕ್ಲಬ್‌ನವರು ಕೋಚಿಂಗ್‌ಗೆ ಹಣ ಕೊಡುತ್ತೇವೆ ಎಂದರೆ ಮೊದಲು ವೀಸಾ ಷರತ್ತು ಓದಿ. ಯಾರಾದರೂ ಪುಕ್ಕಟೆ ಮ್ಯಾಚ್ ಟಿಕೆಟ್ ಕೊಟ್ಟರೆ, ಅದೂ ನಿಮ್ಮ ಇಲಾಖೆಯ ಜತೆ ವ್ಯವಹಾರ ಇರುವವರಾದರೆ, ಬೇಡ ಎನ್ನಿ.

ಮನೆ ಕ್ಲಬ್‌ಗೆ ಹತ್ತಿರ ಮಾಡಿ. ಕಿಟ್ ಬ್ಯಾಗ್ ಹೊತ್ತು ಎರಡು ರೈಲು ಬದಲಿಸಬೇಕಾದವರು ಬೇಗ ನೆಟ್ಸ್ ಬಿಡುತ್ತಾರೆ. ಪ್ಯಾಡ್, ಹೆಲ್ಮೆಟ್ ಆಮೇಲೆ ಕೊಳ್ಳಬಹುದು, ಕೈಗೆ ಒಗ್ಗಿದ ಬ್ಯಾಟ್ ಮಾತ್ರ ಜತೆಗೇ ತನ್ನಿ.